ನೀರಿಲ್ಲದ ಕ್ಷೌರ

ಕಿಮ್ಸ್ ಗೇಟಿನೆದುರು ನಂದೊಂದು ಕುರ್ಚಿ, ಒಂದು ಕನ್ನಡಿ.
ಆಪರೇಶನ್ನಿಗೆ ಹೋಗೋರ ಹೊಟ್ಟಿ ಬೋಳಿಸೀನಿ,
ಸತ್ತೋರ ಗಡ್ಡ ತಗದೀನಿ, ರೊಕ್ಕ ಕೇಳಿಲ್ಲ.
ಛಟ್ಟಿ ಅಮಾಸಿ ರಾತ್ರಿ ವಾರ್ಡ್‌ಬಾಯ್ ಬಂದ:
"ಕಾಕಾ, ಒಂದು ಗಡ್ಡ ಐತಿ.
ಮಶಿನ್ ಅಷ್ಟ ತಗೊಂಬಾ.
ನೀರಿನ ಬಟ್ಲ ಇಲ್ಲೇ ಇಟ್ಟು ಬಾ."
ನೀರಿಲ್ಲದ ಕ್ಷೌರ ಎಂಥಾದ್ದು ಅಂತ ಕೇಳೂದ್ರಾಗ
ಅಂವ ರಸ್ತೆ ದಾಟಿದ್ದ.

ಕಡೀ ಖೋಲಿ. ಕಿಟಕಿಗೆ ಕಂಬಳಿ ಹೊಡದಿದ್ರು.
ಬಾಗಲದಾಗ ನೀಲವ್ವ, ತುರುಬು ಬಿಚ್ಚಿತ್ತು,
ತೊಡಿಮ್ಯಾಲೆ ಎಂಟು ವರ್ಷದ ಹುಡುಗಿ,
ಕೈಯಾಗ ಮೊಬೈಲು.

ಗ್ಲೋವ್ಸ್ ಹಾಕಿಸೂ ಮುಂದ ಸಿಸ್ಟರ್ ಕತಿ ಹೇಳಿದ್ರು.
ಹೆಸರು ಗುಡದಪ್ಪ, ಡೋಣಿಯವ.
ಕಪ್ಪತಗುಡ್ಡದ ಗಾಳಿಫ್ಯಾನುಗಳಿಗೆ ರಾತ್ರಿ ಕಾವಲು.
ಸೀಗಿ ಹುಣ್ಣಿಮಿ ದಿನ ಹದಿನೇಳನೇ ಕಂಬದ ಬುಡಕ
ಬುತ್ತಿ ಬಿಚ್ಚಿದ್ದ. ಒಂದು ತೋಳ ಬಂತು,
ಹೆದರಲಿಲ್ಲ, ಓಡಲಿಲ್ಲ, ಬಾಯಾಗ ಜೊಲ್ಲು.
ತೋಳಿಗೇ ಬಾಯಿ ಹಾಕಿತು.
ಎರಡು ಸೂಜಿ ಮಾಡಿಸ್ಕೊಂಡ. ಮೂರನೇದಕ್ಕ ರಜಾ ಸಿಗಲಿಲ್ಲ.
ಗಾಯ ಮಾದಿತ್ತು.
ಮಾದಿದ ಗಾಯಕ್ಕ ಯಾರು ರಜಾ ಕೊಡ್ತಾರ?

ಒಳಗ ಹೋದೆ. ಮನಷ್ಯಾನ ಇದ್ದ.
ಅದಕ್ಕ ನನಗ ಹೆಚ್ಚು ಹೆದರಿಕಿ ಆತು.
"ಬರ್ರಿ ಅಣ್ಣಾರ. ಮೊದಲ ಕೈ ಕಟ್ರಿ.
ನಾ ಬಿಚ್ಚಂದ್ರ ಬಿಚ್ಚಬ್ಯಾಡ್ರಿ.
ಅಳತೇನಿ, ಬೈತೇನಿ, ಆಗ್ಲೂ ಬ್ಯಾಡ."
ಬ್ಯಾಂಡೇಜಿನಿಂದ ಕಟ್ಟಿದೆ.
ಗಂಟು ಹಾಕಾಕ ಅಂವನ ಬೆರಳ
ಜಾಗಾ ಮಾಡಿ ಕೊಟ್ಟವು.

"ಇಂಥಾ ಹೊತ್ತಿನಾಗ ಗಡ್ಡ ಯಾಕ ತಮ್ಮಾ?"
"ಮಗಳು ಮೊಬೈಲಿನ್ಯಾಗ ಪಿಚ್ಚರ್ ನೋಡ್ಯಾಳ್ರಿ.
ತೋಳ ಕಡದಾಂವಗ ಮೈತುಂಬ ಕೂದಲ ಬರ್ತಾವಂತ.
ಬಾಗಲದಿಂದ ನನ್ನ ನೋಡಿ ಅವ್ವಗ ಕೇಳಿದ್ಲು:
ಅಪ್ಪಗ ಸುರು ಆತೇನ?
ಮೂರು ದಿನದ ಗಡ್ಡ ಅಣ್ಣಾ. ಅಷ್ಟ."

ಮಶಿನ್ ಚಾಲೂ ಮಾಡಿದೆ.
ಅದರ ಸಣ್ಣ ಗಾಳಿ ಗಲ್ಲಕ್ಕ ತಾಗಿದ್ದ ತಡ,
ಗಂಟಲದಾಗ ಯಾರೋ ಹಗ್ಗ ಜಗ್ಗಿದಂಗ
ಮಂಚದಿಂದ ಎದ್ದು ಕಮಾನಾದ.
ಬೊಗಳ್ತಾರ ಅಂತ ಜನ ಹೇಳ್ತಾರ.
ಬೊಗಳೂದಲ್ಲ ಅದು.
ಒಳಗ ಹೋಗಾಕ ಉಸಿರು ದಾರಿ ಕೇಳೂ ಸಪ್ಪಳ.

ಒಂಬತ್ತು ವರ್ಷ ಆ ದೊಡ್ಡ ರೆಕ್ಕಿ ಕೆಳಗ ಮಲಗಿದಾಂವ,
ಗಾಳಿ ಬಂದ್ರ ಪಗಾರ ಬಂತು ಅಂದಾಂವ,
ಈಗ ನನ್ನ ಉಸಿರಿಗೆ ಬೆಚ್ಚತಿದ್ದ.
ತಲಿಮ್ಯಾಲಿನ ಫ್ಯಾನಿಗೂ ಅರಿವಿ ಸುತ್ತಿದ್ರು.
ಮಶಿನ್ ಬದಿಗಿಟ್ಟು ಕತ್ತರಿ ತಗೊಂಡೆ.
ಉಸಿರು ಹಿಡದು ಒಂದು ಗಲ್ಲ.
ಹೊರಗ ಬಂದು ಉಸಿರು ಬಿಟ್ಟೆ.
ಮತ್ತ ಒಳಗ, ಇನ್ನೊಂದು ಗಲ್ಲ.
ಗದ್ದಕ್ಕ ಮೂರು ಸಲ ಹೋಗಬೇಕಾತು.

ಮುಗೀತು ಅನ್ನೂದ್ರಾಗ
ಮೂವತ್ತು ವರ್ಷ ಅದನ್ನ ಅಂದ ನಾಲಿಗಿ
"ನೀರು ಹಚ್ಚ..."
ಅಂದುಬಿಡ್ತು.

ಅಂವ ಏನಾದ ಅಂತ ನಾ ಬರಿಯೂದಿಲ್ಲ.
ಬ್ಯಾಂಡೇಜು ಹರೀಲಿಲ್ಲ. ಸಿಸ್ಟರ್ ಓಡಿ ಬಂದ್ರು.
ಆ ಖೋಲ್ಯಾಗ ಆವತ್ತು ಕಡದದ್ದು ನನ್ನ ಬಾಯಿ.

ಬಾಳ ಹೊತ್ತಿನ ಮ್ಯಾಲೆ ಕಣ್ಣು ತಗದ.
"ರೂಢಿ, ಬಿಡ್ರಿ," ಅಂದ. ಕನ್ನಡಿ ಹಿಡಿಯಾಕ ಹೋದೆ.
"ಅದೂ ಬ್ಯಾಡ, ಹೊಳೀತೈತಿ. ನೀವ ಹೇಳ್ರಿ, ಹೆಂಗ ಕಾಣ್ತೇನಿ?"
"ಮದಿವಿ ಗಂಡಿನಂಗ," ಅಂದೆ.
ನಗಾಕ ನೋಡಿದ. ಜೊಲ್ಲು ಇಳೀತು. ಮಾರಿ ಗ್ವಾಡಿಗೆ ತಿರುವಿದ.

ಹುಡುಗೀನ ಬಾಗಲದ ತನಕ ಬಿಟ್ರು.
ಗಲ್ಲ ನೋಡಿದ್ಲು. ಬಾಳ ಹೊತ್ತು ನೋಡಿದ್ಲು.
"ಕೂದಲ ಇಲ್ಲ," ಅಂದ್ಲು ಅವ್ವಗ.
ಆಮ್ಯಾಲೆ, "ಮತ್ತ ಕೈ ಯಾಕ ಕಟ್ಟ್ಯಾರ?"

ಕತ್ತರಿ ಅಲ್ಲೇ ಬಿಟ್ಟು ಬಂದೆ. ಸುಡ್ತೇವಿ ಅಂದ್ರು.

ಮುಂಜಾನಿ ಅಂಗಡಿ ತಗದ್ರ ಬಟ್ಲ ಇಟ್ಟಲ್ಲೇ ಇತ್ತು,
ಸ್ಟೂಲಿನ ಮ್ಯಾಲೆ, ತುಂಬಿದ್ದು.
ಸ್ವಿಚ್ ಒತ್ತಿದೆ, ಫ್ಯಾನು ತಿರಗಿತು,
ನೀರಿನ ಮಾರಿಮ್ಯಾಲೆ ಸಣ್ಣ ಸಣ್ಣ ನೆರಿಗಿ.
ಮೊದಲ ಗಿರಾಕಿ ಕುಂತ. ಗಲ್ಲಕ್ಕ ನೀರು ಹೊಡದೆ.
"ಆಹಾ," ಅಂದ,
ಕಣ್ಣು ಮುಚ್ಚಿದ.