ಸೇದುವ ಸ್ವರ

ಊದೋದು ಯಾರಿಗಾದ್ರೂ ಬರುತ್ತೆ, ಅನ್ನುತ್ತಿದ್ದ ಓಥಾ ಟಿಲ್ಮನ್.
ಊದಿದರೆ ಮೌತ್ ಆರ್ಗನ್ ಬರೀ ಮಕ್ಕಳ ಪೀಪಿ.
ಬ್ಲೂಸ್ ಇರೋದು ಸೇದೋದರಲ್ಲಿ.
ಬಾವಿಯಿಂದ ಸೇದಿದ ಹಾಗೆ, ಹೊಗೆ ಸೇದಿದ ಹಾಗೆ,
ಯಾರೋ ಸತ್ತ ಸುದ್ದಿ ಫೋನಿನಲ್ಲಿ ಬಂದಾಗ
ತಾನಾಗಿ ಒಳಕ್ಕೆ ಹೋಗುತ್ತಲ್ಲ, ಆ ಉಸಿರಿನ ಹಾಗೆ.

ಅರವತ್ತು ವರ್ಷ ಸೇದಿದ.
ಎರಡನ್ನೂ ಸೇದಿದ, ಹೊಗೆ ಮತ್ತು ಸ್ವರ,
ಒಂದೇ ತುಟಿಯಲ್ಲಿ, ಕೆಲವು ಸಲ ಒಂದೇ ಹಾಡಿನಲ್ಲಿ.
ಅದಕ್ಕೂ ಮುಂಚೆ ಜಿನ್ನಿಂಗ್ ಮಿಲ್ಲಿನಲ್ಲಿ ಏಳು ವರ್ಷ
ಹತ್ತಿಯ ಬಿಳಿ ಧೂಳು.
ಗ್ರೀನ್‌ವುಡ್ಡಿನ ಡಾಕ್ಟರು ಚಿತ್ರ ತೂಗುಹಾಕಿ ತೋರಿಸಿದರು:
ಮೂರರಲ್ಲಿ ಒಂದು ಪಾಲು ಶ್ವಾಸಕೋಶ ಉಳಿದಿದೆ.
'ಮಿಕ್ಕ ಎರಡು ಪಾಲು ಯಾರು ಖರ್ಚು ಮಾಡಿದ್ದು?'
ಕೇಳಿದನಂತೆ, ಬ್ಯಾಂಕಿನಲ್ಲಿ ಜಗಳಕ್ಕೆ ನಿಂತವನ ಹಾಗೆ.

ನಾನು ಅವನ ಹಿಂದೆ ಮೂವತ್ತೊಂದು ವರ್ಷ ಬಾಸ್ ನುಡಿಸಿದವನು.
ಮುಖಕ್ಕಿಂತ ಅವನ ಬೆನ್ನೇ ನನಗೆ ಚೆನ್ನಾಗಿ ಗೊತ್ತು:
ಕಂದು ಕೋಟು, ಎಡ ಹೆಗಲು ತುಸು ಕೆಳಗೆ,
ಸೊಂಟದ ಪಟ್ಟಿಯಲ್ಲಿ ಏಳು ಮೌತ್ ಆರ್ಗನ್, ಶ್ರುತಿಗೊಂದು.
ಉಸಿರೆಳೆದಾಗ ಕೋಟಿನ ನಡುಹೊಲಿಗೆ ಬಿಗಿಯುತ್ತಿತ್ತು.
ನಾನು ತಾಳ ಹಿಡಿದದ್ದು ಡ್ರಮ್ಮಿನಿಂದಲ್ಲ,
ಆ ಹೊಲಿಗೆಯಿಂದ.

ಕೊನೆಯ ಶನಿವಾರ, ಕೊನೆಯದೆಂದು ಯಾರೂ ಹೇಳಿರಲಿಲ್ಲ.
ಅರ್ನೆಸ್ಟೀನಳ ತಗಡು ಛಾವಣಿಯ ಅಡ್ಡೆ,
ಕ್ರಿಸ್ಮಸ್ ಕಳೆದು ಎಂಟು ತಿಂಗಳಾದರೂ ಇಳಿಸದ ಬಣ್ಣದ ದೀಪ,
ಹಿಂದೆ ಮೀನು ಕರಿಯುವ ಎಣ್ಣೆಯ ಚಟಪಟ,
ಶವಸಂಸ್ಕಾರದ ಕಂಪನಿ ಪುಕ್ಕಟೆ ಹಂಚಿದ ಬೀಸಣಿಗೆಯಲ್ಲಿ
ಗಾಳಿ ಹಾಕಿಕೊಳ್ಳುವ ಹೆಂಗಸರು.
ಎರಡನೆಯ ಸುತ್ತು, ಒಂಬತ್ತನೆಯ ಎಣಿಕೆ,
ಹೊಲಿಗೆ ಬಿಗಿಯಲಿಲ್ಲ.

ನಡುಬಾವಿಯಲ್ಲಿ ಕೊಡ ಕಳಚಿದ ಹಗ್ಗದಂತೆ
ಸ್ವರ ಹಗುರಾಗಿ ಮೇಲೆ ಬಂತು.
ನಾವು ನಿಲ್ಲಿಸಲಿಲ್ಲ.
ಕುಣಿಯುತ್ತಿದ್ದವರು ಇದೂ ಹಾಡಿನದೇ ವರಸೆ ಎಂದುಕೊಂಡು
ಇನ್ನೂ ಜೋರಾಗಿ ಕೂಗಿದರು.
ಓಥಾ ಮೈಕಿಗೆ ಬಾಗಿ ಏನೋ ಹೇಳಹೊರಟ;
ಮಾತಿಗೂ ಅದೇ ಗಾಳಿ ಬೇಕಲ್ಲ.
ಬಸ್ಸಿಗೆ ಕೈ ಅಡ್ಡ ಹಿಡಿಯುವವನ ಹಾಗೆ ಒಂದು ಕೈ ಎತ್ತಿ,
ಹೋಗಿ ಬಿಯರ್ ಪೆಟ್ಟಿಗೆಯ ಮೇಲೆ ಕೂತ.

ರಾತ್ರಿ ದುಡ್ಡು ಹಂಚುವಾಗ ಮಾತ್ರ ಗಂಟಲು ಮರಳಿತು:
'ಅರ್ಧ ನುಡಿಸಿದವನಿಗೆ ಅರ್ಧ ಸಾಕು ಅಂತ
ಯಾರಾದರೂ ಅಂದುಕೊಂಡಿದ್ದೀರೇನು?'
ಎಪ್ಪತ್ತು ಡಾಲರ್. ಎರಡು ಸಲ ಎಣಿಸಿದ.

ಮ್ಯೂಸಿಯಮ್ಮಿನಿಂದ ಒಬ್ಬಳು ಬಂದಿದ್ದಳು, ಬಿಳಿ ಕೈಗವಸು ತೊಟ್ಟು.
'ನನ್ನ ಎಂಜಲನ್ನ ಗಾಜಿನೊಳಗೆ ಇಡ್ತೀಯೇನಮ್ಮ?'
ಒಂದನ್ನು ಕೊಟ್ಟ.
ಅದರ ನಾಲಗೆ ಎಂದೋ ಮುರಿದಿತ್ತು, ಅದನ್ನು ಹೇಳಲಿಲ್ಲ.

ಈಗ ಅಡುಗೆಮನೆ ಮೇಜಿನ ಮೇಲೆ
ಆಸ್ಪತ್ರೆಯ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂರು ನೀಲಿ ಚೆಂಡು.
ಕೊಳವೆ ಬಾಯಿಗಿಟ್ಟು ಸೇದಬೇಕು, ಗಂಟೆಗೆ ಹತ್ತು ಸಲ.
ಮೊದಲನೆಯದು ಏಳುತ್ತದೆ.
ಎರಡನೆಯದು ಏಳಲೋ ಬೇಡವೋ ಎಂದು ನಡುಗುತ್ತದೆ.
ಮೂರನೆಯದು, ಅವನ ಪ್ರಕಾರ, ಬ್ಯಾಪ್ಟಿಸ್ಟ್ ಚರ್ಚಿನ ಹಿರೀಕ,
ಯಾವ ಹಾಡಿಗೂ ಕುಣಿಯುವವನಲ್ಲ.
'ಇದರಲ್ಲಿ ಸ್ವರ ಬಾಗಲ್ಲ,' ಅಂದ.
ಆದರೂ ನಾನು ಕಂಡೆ: ಕೆನ್ನೆ ಒಳಸೆಳೆದು, ನಾಲಿಗೆ ಮಡಚಿ,
ಚೆಂಡನ್ನೇ ಬಾಗಿಸಲು ನೋಡುತ್ತಿದ್ದ.

ನಾವು ಈಗಲೂ ಶನಿವಾರ ನುಡಿಸುತ್ತೇವೆ.
ಅವನ ಸರದಿ ಬಂದಾಗ ಹನ್ನೆರಡು ಎಣಿಕೆ ಖಾಲಿ ಬಿಡುತ್ತೇವೆ,
ಬಾಸು, ಡ್ರಮ್ಮು, ಅಷ್ಟೇ.
ಜನ ಆಗ ಬಿಯರಿಗೆ ಏಳುತ್ತಾರೆ.

ಹೋದ ವಾರ ಅವನೇ ಬಂದ. ಮೂಗಿಗೆ ಕೊಳವೆ.
ಗಾಲಿಯ ಸಿಲಿಂಡರನ್ನು ಮುದಿ ನಾಯಿಯಂತೆ ಎಳೆದುಕೊಂಡು,
ಬೇಡವೆಂದರೂ ಬಾಗಿಲಲ್ಲಿ ಐದು ಡಾಲರ್ ಕೊಟ್ಟು.
ಖಾಲಿ ಸುತ್ತು ಬಂತು. ನನ್ನ ಕಣ್ಣು
ಅಭ್ಯಾಸಬಲದಿಂದ ಬೆನ್ನು ಹುಡುಕಿತು,
ಸಿಕ್ಕಿದ್ದು ಮುಖ.
'ಇದೇನ್ರೋ, ಮೌನಾಚರಣೆನಾ?'
ಒಂದೊಂದು ಮಾತಿಗೂ ಒಂದೊಂದು ಸಲ ಸೇದಿ,
'ದುಡ್ಡು
ಕೊಟ್ಟಿದ್ದೀನಿ.
ನುಡಿಸ್ರೋ.'