ನೂಲಿಲ್ಲದ ಲಾಳಿ

ಜೋಳದ ಕಾಳಿನಷ್ಟಿತ್ತು ಬಂದಾಗ,
ಮೊಣಕಾಲ ಕೀಲಿನ ಒಳಪೊರೆಯ ಒಂದು ಚೂರು.
ಬಾಟಲಿಯ ಮೇಲೆ ಹೆಸರು ಬರೆಯುವಂತಿಲ್ಲ,
ಹದಿನೇಳು ಎಂದು ಬರೆದೆ.
ಹೆಸರು ಗೊತ್ತಿತ್ತು: ತುಳಜಣಸಾ ಬಾಕಳೆ, ಬೆಟಗೇರಿ,
ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟವರು.

ರಾತ್ರಿಯಿಡೀ ಕಿಣ್ವದಲ್ಲಿ ನೆನೆಸಿ
ಎಳೆ ಎಳೆ ಬಿಡಿಸಿ, ಕೋಶ ಕೋಶ ಬೇರೆ ಮಾಡಿ...
ನಮ್ಮಜ್ಜ ಅರಳೆ ಹಿಂಜುತ್ತಿದ್ದ, ಬಿಲ್ಲಿನ ಹುರಿ ಮಿಡಿದು.
ನದಾಫರ ಮನೆಯವಳು ನಾನು,
ಹಿಂಜುವುದು ಬಿಟ್ಟಿಲ್ಲ, ಸದ್ದು ಮಾತ್ರ ಬಿಟ್ಟಿದ್ದೇನೆ.

ಎರಡು ದಿನ ತೇಲಿದವು,
ಸತ್ತಂತೆ ತೇಲಿದವು.
ಮೂರನೆಯ ಬೆಳಗ್ಗೆ ತಳ ಹಿಡಿದಿದ್ದವು.
ಅಡುಗೆಮನೆಯಲ್ಲಿ ಇದು ಕೆಟ್ಟ ಸುದ್ದಿ;
ಇಲ್ಲಿ ಚಹಾ ತರಿಸಿದೆವು.

ಮೆದುಎಲುಬಿಗೆ ರಕ್ತವಿಲ್ಲ, ನರವಿಲ್ಲ.
ಸವೆಯುವಾಗ ಅದು ಕೂಗುವುದಿಲ್ಲ,
ಕೆಳಗಿನ ಎಲುಬು ಕೂಗುತ್ತದೆ, ತಡವಾಗಿ.

ಮೂರು ದಿನಕ್ಕೊಮ್ಮೆ ಹಳೆಯದು ತೆಗೆದು
ಅವರದೇ ರಕ್ತದ ತಿಳಿ ಬೆರೆಸಿದ ಗುಲಾಬಿ ನೀರು.
ಭಾನುವಾರವೂ ಬರಬೇಕು. ಹಬ್ಬಕ್ಕೂ.
ವಿದ್ಯಾನಗರದಲ್ಲಿ ಕರೆಂಟು ಹೋದ ರಾತ್ರಿ
ಬ್ಯಾನಿ ತಿನ್ನುವ ಮಗಳ ತಾಯಿಯಂತೆ ಕೂತಿದ್ದೆ:
ಮೂವತ್ತೇಳು, ಮೂವತ್ತಾರೂವರೆ,
ಜನರೇಟರು ಗುಡುಗಿ, ಮತ್ತೆ ಮೂವತ್ತೇಳು.

ಮೊನ್ನೆ ಗದಗಿನ ಗಾಡಿಗೆ ಬಂದರು.
ಡಾಕ್ಟರು ಹೂಂ ಅಂದರು, ತೋರಿಸಿದೆ.
ಬಾಯಿಗೆ ಮಾಸ್ಕು, ತಲೆಗೆ ಟೊಪ್ಪಿಗೆ,
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.
"ಲಾಳಿ ಅದಾವಲ್ರೀ ಅಕ್ಕಾರ ಇವು!
ಎರಡೂ ಕಡೆ ಚೂಪ, ನಡುವ ಹೊಟ್ಟಿ.
ಆದರ ನೂಲಿಲ್ಲ."
"ನೂಲು ಆ ಹೊಟ್ಯಾಗಿಂದನ ಬರಬೇಕ್ರಿ.
ಇನ್ನೂ ಟೈಮ್ ಐತಿ."

ಮೂರನೆಯ ಬಾಟಲಿಗೆ ನಿಂತರು.
"ಇಲ್ಲಿ ಸಾಲು ತಪ್ಪೇತಿ ನೋಡ್ರಿ.
ಒಂದಿಷ್ಟು ಲಾಳಿ ಅಲ್ಲ, ರೊಟ್ಟಿ ಆಗ್ಯಾವ."
ನೋಡಿದೆ. ಹೌದು.
ಅಗಲವಾಗಿ, ಚಪ್ಪಟೆಯಾಗಿ,
ಇನ್ನು ಎರಡಾಗಲು ಒಲ್ಲದ ಮುದಿ ಕೋಶಗಳು.
ಆ ಪಟ್ಟಿಯಲ್ಲಿ ನಿನ್ನೆಯ ನನ್ನ ಸಹಿ ಇದೆ,
ಸರಿ ಇದೆ ಎಂದು.

"ಒಗೀತೀರೇನು?"
"ಒಗೀಬೇಕ್ರಿ."
"ಅದರಾಗ ನನ್ನ ಮೊಣಕಾಲೈತ್ರೀ," ನಕ್ಕರು.
ಆಮೇಲೆ, ಮಾಸ್ಕು ಬಿಚ್ಚುತ್ತಾ:
"ಸಾಹುಕಾರ ವಾಪಸ್ ಒಗದ ಸೀರಿ
ನಮ್ಮನ್ಯಾಗ ಹನ್ನೆರಡು ಅದಾವ.
ನನ್ನ ಹೇಣ್ತಿ ಬ್ಯಾರೆ ಸೀರಿ ಉಟ್ಟಾಕಿ ಅಲ್ಲ."

ಬ್ಲೀಚಿನಲ್ಲಿ ಗುಲಾಬಿ ಬಣ್ಣ ಹೋಯಿತು.
ಉಳಿದದ್ದು ಎರಡು ಬಾಟಲಿ.
ಸಾಕಾದೀತು; ಸಾಲದೆಯೂ ಹೋದೀತು.

ಅವರು ಓರೆಯಾಗಿ ಇಳಿದರು, ಕಟಾಂಜನ ಹಿಡಿದು,
ಪ್ರತಿ ಮೆಟ್ಟಿಲಲ್ಲೂ ಎರಡು ಪಾದ ಕೂಡಿಸಿ.
ಕೋಶ ಎಣಿಸುವ ಗುಂಡಿ ನನ್ನ ಕೈಯಲ್ಲೇ ಇತ್ತು.
ಒತ್ತಿದೆ, ಒಂದೊಂದಕ್ಕೂ.
ಇಪ್ಪತ್ತೆರಡು.
ಹನ್ನೊಂದರಲ್ಲಿ ಒಮ್ಮೆ ನಿಂತಿದ್ದರು.