ಕೊಂಡಿ

ಗಿರಗಾಂವದ ಛಾಪಖಾನೆಯಲ್ಲಿ ಮೊಳೆ ಜೋಡಿಸುತ್ತಿದ್ದೆ ನಾನು,
ಅಂಕೋಲೆ ಕಡೆಯ ಬೊಮ್ಮಯ್ಯ.
ಕೆಳಗೆ ಇದ್ದಿಲಿನ ವಖಾರಿ. ಬಿಳಿ ಕಾಗದ
ಸಂಜೆಯೊಳಗೆ ತಾನೇ ಅರ್ಧ ಅಚ್ಚಾಗಿರುತ್ತಿತ್ತು.

ಮೂವತ್ತೆಂಟರ ಮಳೆ ಮುಗಿದ ಮೇಲೆ ಬಂದ ವೀಗಾಂಡ್ ಸಾಹೇಬ.
ಲೈಪ್ಜಿಗ್‌ನಲ್ಲಿ ಅವನದೇ ಪ್ರಕಾಶನವಂತೆ, ಮೂರು ಮಹಡಿ.
ಇಲ್ಲಿ ಔಷಧಿ ಅಂಗಡಿಯ ಬೆಲೆಪಟ್ಟಿಯ ಕರಡು ತಿದ್ದುತ್ತಿದ್ದ,
ಪುಟಕ್ಕೆ ಎರಡಾಣೆ.
ಕನ್ನಡ ಒಂದಕ್ಷರ ಬಾರದು. ಆದರೂ ನನ್ನ ಸಾಲಿನ ಮೇಲೆ ಬೆರಳಾಡಿಸಿ
ತಲೆಕೆಳಗಾದ ಮೊಳೆ ಹಿಡಿದುಬಿಡುತ್ತಿದ್ದ:
ಕಾಲಿನ ಕಚ್ಚು ಎಲ್ಲ ಭಾಷೆಗೂ ಒಂದೇ.

ಬೇಡದ ಪದಕ್ಕೆ ಗೀಟೆಳೆದು
ಅಂಚಿನಲ್ಲೊಂದು ಗುರುತು ಹಾಕುತ್ತಿದ್ದ, ಬಾಲ ಸುತ್ತಿಕೊಂಡದ್ದು.
ಚೇಳಿನ ಕೊಂಡಿ, ಎಂದು ನಾವು ನಗುತ್ತಿದ್ದೆವು.
ಹುಡುಗ ಧೋಂಡು ಚೇಳು ಬರೆದು ತೋರಿಸಿದ.
ಸಾಹೇಬ ನಗಲಿಲ್ಲ.

ಆ ರಾತ್ರಿ ಇರಾನಿ ಹೋಟೆಲಿನಲ್ಲಿ
ಮುರುಕು ಇಂಗ್ಲಿಷಿನಲ್ಲಿ ಹೇಳಿದ. ನನ್ನದೂ ಮುರುಕೇ,
ಎರಡು ಚೂರು ಹೇಗೋ ಕೂಡಿದವು:

'ಯಾಕೋಬ್ ಹಾಸ್. ಹೂಕುಂಡಗಳ ಬಗ್ಗೆ ಪುಸ್ತಕ ಬರೆದವನು.
ಸರಕಾರದ ಪಟ್ಟಿಯಲ್ಲಿ ಅವನ ಹೆಸರು ಬಂತು.
ಯಾರೂ ನನಗೆ ಬಂದೂಕು ತೋರಿಸಲಿಲ್ಲ, ಬೊಮ್ಮಯ್ಯ.
ಪುಸ್ತಕವಾದರೂ ಉಳಿಯಲಿ ಎಂದು
ಮುಖಪುಟದ ಕರಡಿನಲ್ಲಿ ಈ ಕೊಂಡಿ ನಾನೇ ಹಾಕಿದೆ.
ಚೆನ್ನಾಗಿ ಮಾರಿತು.
ಮೂರನೆಯ ಮುದ್ರಣದ ದಿನ ಹಾಸ್ ಅಂಗಡಿಗೆ ಬಂದ,
ಟೋಪಿ ತೆಗೆದ, ಒಂದು ಪ್ರತಿ ಕೊಂಡ. ಪೂರ್ತಿ ಬೆಲೆ ಕೊಟ್ಟ.
ನಾನು ಚಿಲ್ಲರೆ ಎಣಿಸಿದೆ. ರಸೀದಿ ಬರೆದೆ.
ರಸೀದಿಯಲ್ಲಿ ಗಿರಾಕಿಯ ಹೆಸರಿಗೊಂದು ಗೆರೆಯಿತ್ತು,
ಅದನ್ನೂ ಖಾಲಿ ಬಿಟ್ಟೆ.'

ಮರುದಿನ, ಕೇಳದೆ, ಆ ಹೆಸರನ್ನು ದೊಡ್ಡ ಮೊಳೆಯಲ್ಲಿ ಜೋಡಿಸಿದೆ,
ಕನ್ನಡದಲ್ಲಿ. ನಮ್ಮಲ್ಲಿ ಹಾಸು ಎಂದರೆ ಚಾಪೆ ಬಿಚ್ಚುವುದು,
ಹಾಸಿ ಹೊದೆಯುವಷ್ಟು ಎಂದರೆ ಧಾರಾಳ, ಎಂದೆ.
ಅವನು ಮೊಳೆ ಸವರಿ ನೋಡಿದ.
'ಕಚ್ಚು ಸರಿಯಿದೆ.' ಅಷ್ಟೇ.

ಯುದ್ಧ ಬಂತು. ಬಿಳಿಯ ಸಾರ್ಜೆಂಟನಿಗೆ ಅವನು ಬರೀ ಜರ್ಮನ್.
ಪುರಂದರದ ಕೋಟೆಗೆ ಎಂದರು, ಕೆಲವರು ಸಾತಾರಾ ಎಂದರು.
ವಾರಂಟಿನಲ್ಲಿ ಅವನ ಹೆಸರು ತಪ್ಪಾಗಿತ್ತು,
ನಿಂತಲ್ಲೇ ತಿದ್ದಿಕೊಟ್ಟ.

ಹಾಸ್‌ನ ಹೆಸರು ದಾರ ಸುತ್ತಿಕೊಂಡು
ಎರಡು ವರ್ಷ ಕಪಾಟಿನ ಮೇಲಿತ್ತು.
ಆಮೇಲೆ ಲಗ್ನಪತ್ರಿಕೆಗಳ ಹಂಗಾಮು. ಹಾ ಸಾಲದೆ ಬಂತು.
ದಾರ ಬಿಚ್ಚಿದೆ.
ದಾದರಿನ ಯಾರದೋ ಮದುವೆಯ ಹಾರ್ದಿಕ ಸ್ವಾಗತಕ್ಕೆ
ಅವನ ಹಾ ಹೋಯಿತು.

ದಾರ ನನ್ನ ಹತ್ತಿರ ಇದೆ.